ಗುರಾಣಿ ಹಿಡಿಯುವವರು

ಜಗಳೂರು
27 ಜೂನ್ 2025

ಯಶೋಧರಕ್ಕನವರಿಗೆ ನಮಸ್ಕಾರಗಳು.

ಮೊದಲು ನನ್ನ ಅಕ್ಷರಕ್ಕೆ ಕ್ಷಮೆ ಇರಲಿ. ಐದನೇ ಕ್ಲಾಸು ಆದಮೇಲೆ ನಾನು ಪೆನ್ನು ಹಿಡಿದದ್ದು ಕಡಿಮೆ. ಒತ್ತಕ್ಷರ ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು ಎಂದು ಈಗಲೂ ಗೊಂದಲವಾಗುತ್ತದೆ. ತಪ್ಪು ಕಂಡರೆ ನೀವೇ ಸರಿ ಮಾಡಿಕೊಂಡು ಓದಿ. ಸಾಲು ಓರೆಯಾಗಿದ್ದರೆ ಅಕ್ಕಿ ಮೂಟೆಯ ಮೇಲೆ ಇಟ್ಟು ಬರೆದದ್ದಕ್ಕೆ ಹಾಗಾಗಿದೆ.

ನಾನು ಫೋನಿನ ಆಟದಲ್ಲಿ ನಿಮ್ಮ ಗುಂಪಿನ ‘ರೊಟ್ಟಿ’. ನಿಜವಾದ ಹೆಸರು ತಿಪ್ಪೇರುದ್ರಸ್ವಾಮಿ, ಎಲ್ಲರೂ ರುದ್ರ ಅಂತಾರೆ. ಆಟಕ್ಕೆ ಸೇರುವಾಗ ಹೆಸರು ಕೇಳಿತು. ಆಗ ರೊಟ್ಟಿ ತಿನ್ನುತ್ತಿದ್ದೆ, ಅದನ್ನೇ ಹಾಕಿದೆ. ಮದುವೆ ಮನೆಗಳಲ್ಲಿ ಅಡುಗೆ ಮಾಡುವ ಗುರುಸ್ವಾಮಿಯವರ ಜೊತೆ ನಾನು ಬಡಿಸುವ ಕೆಲಸ ಮಾಡುತ್ತೇನೆ. ತ್ಯಾವಣಿಗೆಯ ಒಂದು ಮದುವೆಯಲ್ಲಿ ಪಾತ್ರೆಗಳ ಹಿಂದೆ ಕೂತು ಆಡುತ್ತಿದ್ದಾಗ ಸಂತೇಬೆನ್ನೂರಿನ ವಿನಯ್ ಕುಮಾರ್ ಅವರು ಕೈ ತೊಳೆಯಲು ಬಂದು ನೋಡಿ, ಅಲ್ಲೇ ನಿಂತು ನನ್ನನ್ನು ಗುಂಪಿಗೆ ಸೇರಿಸಿದರು.

ಮೊನ್ನೆ ಮಂಗಳವಾರ ನೀವು ಮೈಕಿನಲ್ಲಿ ಕೂಗಿದಿರಿ. “ರೊಟ್ಟೀ, ಏನಾಗ್ತೀಯೋ ಹೇಳಪ್ಪಾ! ಬಾಯಾಗೆ ಹೇಳಾಕಾಗ್ದಿದ್ರೆ ಬರ್ದಾದ್ರೂ ಹೇಳು!” ನನಗೆ ಮೈಕ್ ಹಾಕಿ ಮಾತಾಡಲು ಸಂಕೋಚ. ವಾಟ್ಸಾಪ್‌ನಲ್ಲಿ ಒಂದು ಸಲ ಬರೆದೆ. ವಿನಯ್ ಅವರು ತಪ್ಪುಗಳಿಗೆಲ್ಲ ಕೆಂಪು ಸುತ್ತು ಹಾಕಿ ಗುಂಪಿಗೇ ವಾಪಸ್ ಕಳಿಸಿದರು. ಅವರು ಕೆಟ್ಟವರಲ್ಲ, ಕಾಲೇಜಿನಲ್ಲಿ ಓದುವವರು, ಅಷ್ಟೇ. ಅದಕ್ಕೆ ಕಾಗದ ಬರೆಯುತ್ತಿದ್ದೇನೆ. ನೀವು ಹಾಕಿದ್ದ ಫೋಟೋದಲ್ಲಿ ಗಿರಣಿಯ ಬೋರ್ಡ್ ಕಂಡಿತು, ವಿಳಾಸ ಅದರಿಂದ ಸಿಕ್ಕಿತು.

ನಾನು ಮೂವತ್ತನೇ ಮಟ್ಟಕ್ಕೆ ಬಂದಿದ್ದೇನೆ. ಜುಲೈ ಮುಗಿಯುವವರೆಗೆ ಯಾವ ಪಾತ್ರವನ್ನು ಬೇಕಾದರೂ ಹಾಕಿಕೊಂಡು ನೋಡಬಹುದು, ಅಷ್ಟರೊಳಗೆ ಒಂದನ್ನು ಒತ್ತಬೇಕು, ಒತ್ತಿದ ಮೇಲೆ ಬದಲಾಯಿಸುವ ಹಾಗಿಲ್ಲ ಎಂದು ಆಟ ಹೇಳುತ್ತಿದೆ. ನಮ್ಮವ್ವ ನಿನ್ನೆ ಕೇಳಿದಳು.

“ಅದೇನೋ ಆಟ, ಹಗಲೆಲ್ಲಾ?”

“ಒಂದು ಕೋಟೆ ಐತವ್ವ. ಒಳಗೊಂದು ದೊಡ್ಡ ಕೋಣ. ನಾವು ನಾಕು ಜನ ನಾಕು ಊರಿಂದ ಫೋನಾಗೆ ಹೋಗಿ ಅದನ್ನ ಹೊಡೀಬೇಕು. ಸವಳಂಗದ ಚಿತ್ತಪ್ಪಣ್ಣ ಕೊಡಲಿ ಬೀಸ್ತಾರೆ. ವಿನಯ್ ಬಾಣ ಬಿಡ್ತಾರೆ. ಹೊನ್ನಾಳಿ ಯಶೋಧರಕ್ಕ ಗುರಾಣಿ ಹಿಡ್ದು ಮುಂದೆ ನಿಲ್ತಾರೆ, ಕೋಣ ಅವರನ್ನೇ ಹಾಯ್ತೈತೆ.”

“ಹಂಗಾರೆ ಮುಂದ್ ನಿಂತೋಳಿಗೆ ಏನ್ ಸಿಗ್ತೈತೆ?”

“ಏಟು.”

“ಅಷ್ಟೇನಾ?” ಎಂದಳು. ಅದಕ್ಕೆ ನಿಮ್ಮನ್ನು ಕೇಳುತ್ತಿದ್ದೇನೆ.

ಗುರಾಣಿ ಹಿಡಿದು ನಿಂತಾಗ ಹಿಂದಿರುವ ನಾವು ನಿಮಗೆ ಕಾಣುತ್ತೇವೆಯೇ? ಕೋಣ ಯಾವ ಕಡೆಯಿಂದ ಕೊಂಬು ಬೀಸುತ್ತದೆ ಎಂದು ಮೊದಲೇ ಹೇಗೆ ಗೊತ್ತಾಗುತ್ತದೆ? ಏಟು ಬಿದ್ದಾಗ ಫೋನು ಕೈಯಲ್ಲಿ ಗುಂಯ್ ಎನ್ನುತ್ತದಲ್ಲ, ಅದು ನಿಮಗೆ ಎಲ್ಲರಿಗಿಂತ ಜೋರಾಗಿರುತ್ತದೆಯೇ? ಗುರಾಣಿ ಒಡೆದರೆ ಇನ್ನೊಂದು ಇರುತ್ತದೆಯೇ?

ನಾನು ಏನಾದರೆ ಗುಂಪಿಗೆ ಒಳ್ಳೆಯದು ಎಂದು ತಿಳಿಸಿ. ಈಗ ಆಷಾಢ, ಮದುವೆಗಳಿಲ್ಲ, ಕಲಿಯಲು ಸಮಯವಿದೆ. ನನಗೆ ಇದೊಂದೇ ಗುಂಪು.

ಇಂತಿ,
ರುದ್ರ


ಹೊನ್ನಾಳಿ
2 ಜುಲೈ 2025

ರುದ್ರಾ,

ನಿನ್ನ ಕಾಗದ ತಂದ ಪೋಸ್ಟ್‌ಮ್ಯಾನ್ ಅದನ್ನು ಎರಡು ಸಲ ತಿರುಗಿಸಿ ನೋಡಿ, “ಯಾರಕ್ಕ ಇದು, ಈ ಕಾಲದಾಗೆ ಕೈಯಾಗೆ ಬರೆಯೋರು?” ಅಂದ. “ನಮ್ಮ ಸೈನ್ಯದೋನು” ಅಂದೆ. ಅವನು ಮುಖ ಒಂಥರಾ ಮಾಡಿಕೊಂಡು ಹೋದ.

ಅಕ್ಷರದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ. ಹಿಟ್ಟಿನ ಡಬ್ಬಿಗಳ ಮೇಲೆ ಜನ ಬರೆಯುವ ಹೆಸರು ಓದಿ ಓದಿ ನನಗೆ ಎಂಥ ಅಕ್ಷರವಾದರೂ ನಡೆಯುತ್ತದೆ. ಕಾಗದದ ಮೇಲೆ ಬೆಳ್ಳಗೆ ಅಂಟಿರುವುದು ಜೋಳದ ಹಿಟ್ಟು. ಕೊಡವಿಕೊಂಡು ಓದು.

ಇನ್ನೊಂದು ಮಾತು. ನಾನು ಮೈಕಿನಲ್ಲಿ ಕೂಗುವುದು ಸಿಟ್ಟಿಗಲ್ಲ ಮಾರಾಯ. ಗಿರಣಿ ತಿರುಗುತ್ತಿರುತ್ತದೆ, ನನ್ನ ಮಾತು ನನಗೇ ಕೇಳುವುದಿಲ್ಲ. ಚಿತ್ತಪ್ಪನೂ ಮೊದಮೊದಲು ಹೆದರಿದ್ದ. “ಯಕ್ಕಾ, ನಾನು ಟ್ರ್ಯಾಕ್ಟರ್ ಮ್ಯಾಲೆ ಕುಂತು ಕೇಳಿದ್ರೂ ನಿಮ್ದೇ ಜೋರು” ಅಂತಿದ್ದ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಗುಂಪು ಅಂದರೆ ಮೂರು ಥರದ ಕೆಲಸ. ಒಬ್ಬರು ಏಟು ತಿನ್ನಬೇಕು, ಅವರು ಟ್ಯಾಂಕ್. ಕೆಲವರು ಹೊಡೆಯಬೇಕು. ಒಬ್ಬರು ಏಟು ತಿಂದವರಿಗೆ ಮದ್ದು ಹಾಕುತ್ತಿರಬೇಕು, ಅವರು ಹೀಲರ್. ಏಟು ತಿನ್ನಲು ನಾನಿದ್ದೇನೆ, ಹೊಡೆಯಲು ಅವರಿಬ್ಬರಿದ್ದಾರೆ. ಮದ್ದು ಹಾಕುವವರು ಇಲ್ಲದೆ ಮೂರು ವಾರದಿಂದ ಮೂರನೇ ಕೋಟೆಯ ಬಾಗಿಲಲ್ಲೇ ಬೀಳುತ್ತಿದ್ದೇವೆ.

ಗುರಾಣಿ ಬಗ್ಗೆ ಅಷ್ಟೆಲ್ಲ ಕೇಳಿದ್ದೀಯಲ್ಲ, ನನಗೆ ಬೀಳುವ ಏಟು ನೋಡಿ ನಿನಗೆ ಸಂಕಟವಾಗಿದೆ ಅಂತ ಕಾಣುತ್ತದೆ. ಇಂಥ ಮನಸ್ಸಿನವನೇ ಹೀಲರ್ ಆಗಬೇಕು. ನೀನು ಬಡಿಸುವವನು ಬೇರೆ. ಯಾರಿಗೆ ಏನು ಬೇಕು ಎಂದು ಕೇಳದೆಯೇ ತಿಳಿಯುವ ಕೈ. ಇದಕ್ಕಿಂತ ಸರಿಹೊಂದುವವರನ್ನು ನಾನು ಎಲ್ಲಿಂದ ತರಲಿ?

ಜುಲೈ 8, ಮಂಗಳವಾರ ಸಂಜೆ ಐದಕ್ಕೆ ಹೀಲರ್ ವೇಷ ಹಾಕಿಕೊಂಡು ಬಾ. ಮಾತಾಡುವುದೇನೂ ಬೇಡ. ಕೈ ಆಡಿಸು, ಸಾಕು.

ಯಶೋಧರಾ


ಹೊನ್ನಾಳಿ
9 ಜುಲೈ 2025
(ಅಂಚೆ ಕಾರ್ಡು)

ರುದ್ರಾ, ನಿನ್ನೆ ಏನಾಯಿತು? ನಾನು ಕೋಣದ ಕೊಂಬಿನಡಿ ಸಾಯುತ್ತಿದ್ದೇನೆ, ನೀನು ದೂರ ನಿಂತ ವಿನಯ್‌ಗೆ ಮದ್ದು ಹಾಕುತ್ತಿದ್ದೀಯ. ಅವನ ಮೈಯಲ್ಲಿ ಒಂದು ಗೀರೂ ಇರಲಿಲ್ಲ! “ಅಕ್ಕ, ನಿಮ್ ಕೈಲಿ ಬೈಸ್ಕೊಂಡಿದ್ದಕ್ಕೆ ರೊಟ್ಟಿ ಸೇಡು ತೀರುಸ್ಕೊಂಡ” ಅಂತ ವಿನಯ್ ನಗುತ್ತಿದ್ದಾನೆ. “ನೆಟ್‌ವರ್ಕ್ ಹೋಗಿರ್ತೈತೆ ಬಿಡ್ರಿ” ಅಂತ ಚಿತ್ತಪ್ಪ. ನೀನು ಒಂದು ಮಾತೂ ಹೇಳದೆ ಆಟ ಮುಚ್ಚಿ ಹೋದೆ. ನನ್ನ ಮೇಲೆ ಕೋಪವಿದ್ದರೆ ನನಗೇ ಬರೆ. ಕಾರ್ಡು ಪೋಸ್ಟ್‌ಮ್ಯಾನ್ ಓದುತ್ತಾನೆ, ಓದಲಿ. —ಯ.


ಜಗಳೂರು
13 ಜುಲೈ 2025

ಯಶೋಧರಕ್ಕನವರಿಗೆ ನಮಸ್ಕಾರಗಳು.

ಕೋಪ ಇಲ್ಲ ಅಕ್ಕ. ನೆಟ್‌ವರ್ಕ್ ಕೂಡ ಹೋಗಿರಲಿಲ್ಲ. ಏನಾಯಿತೆಂದು ಅವತ್ತು ನನಗೂ ತಿಳಿಯಲಿಲ್ಲ. ಆಮೇಲೆ ಕೂತು ಯೋಚನೆ ಮಾಡಿದೆ. ನೀವು ನಗುತ್ತೀರೇನೋ, ಆದರೂ ಬರೆಯುತ್ತೇನೆ.

ಕೆಲಸಕ್ಕೆ ಸೇರಿದ ಮೊದಲ ದಿನ ಗುರುಸ್ವಾಮಿಯವರು ನನ್ನ ಕೈಗೆ ಪಲ್ಯದ ಬಕೆಟ್ ಕೊಟ್ಟು ಹೇಳಿದ್ದು ಇಷ್ಟೇ. “ಎಲೆ ದಾಟಬ್ಯಾಡ. ಮುಖ ನೋಡಬ್ಯಾಡ. ಈ ತುದಿಯಿಂದ ಹಿಡ್ದು ಆ ತುದಿಗೆ ಹೋಗು.” ಒಬ್ಬರಿಗೆ ಹಾಕಿ ಪಕ್ಕದವರನ್ನು ಬಿಟ್ಟು ಮುಂದೆ ಹೋದರೆ ಅದು ಪಂಕ್ತಿಭೇದ. ನಮ್ಮ ಕೆಲಸದಲ್ಲಿ ಅದಕ್ಕಿಂತ ದೊಡ್ಡ ತಪ್ಪಿಲ್ಲ. ಚನ್ನಗಿರಿಯ ಒಂದು ಮದುವೆಯಲ್ಲಿ ಗಂಡಿನ ಕಡೆಯ ದೊಡ್ಡ ಮನುಷ್ಯರೊಬ್ಬರು ನಡುವೆ ಕೂತು ಚಿಟಿಕೆ ಹೊಡೆದರು. ನನ್ನ ಜೊತೆ ಬಡಿಸುತ್ತಿದ್ದ ಆಂಜನೇಯ ನಾಲ್ಕು ಎಲೆ ದಾಟಿ ಓಡಿಹೋಗಿ ಅವರಿಗೆ ಮೊದಲು ಹೋಳಿಗೆ ಹಾಕಿದ. ಆ ನಾಲ್ಕು ಎಲೆಯವರು ಎದ್ದರು. ಅವರನ್ನು ನೋಡಿ ಇಡೀ ಪಂಕ್ತಿ ಎದ್ದಿತು. ಹೋಳಿಗೆ ಹಾಕಿಸಿಕೊಂಡ ಆ ದೊಡ್ಡ ಮನುಷ್ಯರೊಬ್ಬರೇ ಕೂತಿದ್ದರು. ಗುರುಸ್ವಾಮಿಯವರು ಮಂಟಪದ ಬಾಗಿಲಿಗೆ ಅಡ್ಡ ನಿಂತು ಕೈ ಮುಗಿದು ಎಲ್ಲರನ್ನೂ ವಾಪಸ್ ಕರೆತರಬೇಕಾಯಿತು.

ಆಟದಲ್ಲಿ ಪರದೆಯ ಎಡಗಡೆ ನಮ್ಮ ಹೆಸರು ಒಂದರ ಕೆಳಗೆ ಒಂದು ಇರುತ್ತದಲ್ಲ. ಮೇಲೆ ಚಿತ್ತಪ್ಪಣ್ಣ, ಆಮೇಲೆ ವಿನಯ್, ಆಮೇಲೆ ನೀವು, ಕೊನೆಗೆ ನಾನು. ನನ್ನ ಕಣ್ಣಿಗೆ ಅದು ಪಂಕ್ತಿಯ ಹಾಗೆ ಕಂಡಿತು. ಚಿತ್ತಪ್ಪಣ್ಣನಿಗೆ ಒಂದು ಸಲ ಮದ್ದು, ವಿನಯ್‌ಗೆ ಒಂದು ಸಲ, ನಿಮಗೆ ಒಂದು ಸಲ, ಮತ್ತೆ ಮೇಲಿನಿಂದ. ಗುಂಡಿ ಒಂದು ಸಲ ಒತ್ತಿದರೆ ಮದ್ದು ಮತ್ತೆ ತುಂಬಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ನಿಮ್ಮ ಹೆಸರಿನ ಹಸಿರು ಗೆರೆ ಕೆಂಪಾದದ್ದು ನನಗೆ ಕಂಡಿತು ಅಕ್ಕ. ಕಾಣಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಆದರೆ ಸರದಿ ವಿನಯ್ ಅವರದಾಗಿತ್ತು. ಬೆರಳು ದಾಟಲು ಒಪ್ಪಲಿಲ್ಲ.

ನನಗೆ ನಾನು ಒಂದು ಸಲವೂ ಹಾಕಿಕೊಳ್ಳಲಿಲ್ಲ. ಬಡಿಸುವವರು ಉಣ್ಣುವುದು ಕೊನೆಗೆ. ಅಷ್ಟರಲ್ಲಿ ಕೋಣ ನನ್ನನ್ನೂ ತುಳಿದಿತ್ತು.

ಈಗ ನನಗೊಂದು ಕುತೂಹಲ. ಏಟು ತಿನ್ನುವವರಿಗೇ ಎಲ್ಲಾ ಮದ್ದು ಹೋದರೆ ಉಳಿದವರು ಬೇಜಾರು ಮಾಡಿಕೊಳ್ಳುವುದಿಲ್ಲವೇ? ಬೇರೆ ಗುಂಪುಗಳಲ್ಲಿ ಹೀಲರ್‌ಗಳು ಯಾರನ್ನು ಬಿಡುವುದೆಂದು ಹೇಗೆ ತೀರ್ಮಾನ ಮಾಡುತ್ತಾರೆ? ಬಿಟ್ಟವರ ಮುಖ ಆಮೇಲೆ ಹೇಗೆ ನೋಡುತ್ತಾರೆ? ಮುಖ ಕಾಣುವುದಿಲ್ಲ ಎಂದು ಸುಲಭವೋ?

ನೀವು ಹೀಲರ್ ಆಗು ಎಂದರೆ ಆಗುತ್ತೇನೆ. 22ನೇ ತಾರೀಕು ಮಂಗಳವಾರ ಬರುವ ಮೊದಲು ಒತ್ತಿಬಿಡುತ್ತೇನೆ, ನಿಮ್ಮ ಕಾಗದ ನೋಡಿಕೊಂಡು.

ಇದರ ಮೇಲೆ ಎರಡು ಸಾಲು ಹೊಡೆದುಹಾಕಿದ್ದೇನೆ. ಅದನ್ನು ಓದಬೇಡಿ, ಏನೂ ಇಲ್ಲ.

ಇಂತಿ,
ರುದ್ರ


ಹೊನ್ನಾಳಿ
17 ಜುಲೈ 2025

ರುದ್ರಾ,

ನಿನ್ನ ಕಾಗದವನ್ನು ಗಿರಣಿಯಲ್ಲಿ ಜೋರಾಗಿ ಓದಿದೆ. ತಪ್ಪು ತಿಳಿಯಬೇಡ, ತಡೆಯಲಾಗಲಿಲ್ಲ. ರಾಗಿ ಬೀಸಿಸಲು ಬಂದಿದ್ದ ಅಜ್ಜಮ್ಮ ಎಂಬ ಮುದುಕಿ ಕೆಳಗೆ ಕೂತು ಪೂರ್ತಿ ಕೇಳಿಸಿಕೊಂಡಿತು.

“ಮದುವಿ ಮನ್ಯಾಗೆ ಅವ್ನು ಬಡ್ಸೋದು ಸರಿ ಐತೆ. ಬಾಣಂತಿ ಮನ್ಯಾಗೂ ಹಂಗೇ ಬಡುಸ್ತಾನೇನು? ಬಾಣಂತಿ ಅನ್ನಕ್ಕೆ ಒಂದ್ ಸೌಟು ತುಪ್ಪ ಜಾಸ್ತಿ ಹಾಕಿದ್ರೆ ಗಂಡಸ್ರು ಎಲೆ ಬಿಟ್ಟು ಏಳ್ತಾರೇನು?”

ಪಕ್ಕದಲ್ಲಿದ್ದ ಪ್ರೇಮಮ್ಮ, “ಏಳ್ತಾರೆ ಬಿಡ್ರಿ, ನಮ್ಮನೇರು ಎದ್ದಿದ್ರು” ಅಂದಳು. ಎಲ್ಲರೂ ನಕ್ಕಿದ್ದೇ ನಕ್ಕಿದ್ದು.

“ಏಟು ತಿಂದಾಕಿ ಬಾಣಂತಿ ಇದ್ದಂಗೆ. ಆ ಹುಡ್ಗಂಗೆ ಹಂಗಂತ ಬರಿ” ಅಂತ ಅಜ್ಜಮ್ಮ ಹೇಳಿತು. ಬರೆದಿದ್ದೇನೆ.

ಇಲ್ಲಿಯವರೆಗೆ ನಗುವಿನ ಮಾತು. ಓದಬೇಡ ಎಂದದ್ದನ್ನು ಓದಿದೆ ರುದ್ರ. ಕಾಗದವನ್ನು ಕಿಟಕಿಗೆ ಹಿಡಿದರೆ ಹೊಡೆದುಹಾಕಿದ್ದೂ ಕಾಣುತ್ತದೆ. ‘ನನಗೆ ಗುರಾಣಿ ಹಿಡಿಯುವ ಆಸೆ. ಒಂದು ಸಲ ಎಲ್ಲರ ಮುಂದೆ ನಿಲ್ಲಬೇಕು’ ಎಂದು ಬರೆದಿದ್ದೀಯ. ಅಂದರೆ ಮೊದಲ ಕಾಗದದಲ್ಲಿ ಅಷ್ಟೊಂದು ಕೇಳಿದ್ದು ನನ್ನ ಮೇಲಿನ ಸಂಕಟಕ್ಕಲ್ಲ. ನನ್ನ ಜಾಗ ನೋಡುತ್ತಿದ್ದೆ.

ಸುಮ್ಮನೆ ಇರಬಹುದಿತ್ತು. ಇರಲಾರೆ. ಈ ಗಿರಣಿಯ ಬೋರ್ಡಿನಲ್ಲಿ ನನ್ನ ಹೆಸರಿದೆ. ಬೆಲ್ಟ್ ಕಿತ್ತರೆ ಹಾಕುವವಳು ನಾನು, ಸವೆದ ಬೀಸುಕಲ್ಲಿಗೆ ಉಳಿ ಹೊಡೆಸುವವಳು ನಾನು. ಆದರೂ ಹೊಸಬರು ಒಳಗೆ ಕಾಲಿಟ್ಟರೆ ನನ್ನನ್ನು ದಾಟಿ ನೋಡುತ್ತಾ “ಯಜಮಾನ್ರು ಇಲ್ವಾ?” ಅಂತಾರೆ. ಯಜಮಾನರು ಬಸವರಾಜಪ್ಪನವರು ಮೂಲೆಯಲ್ಲಿ ಕೂತು ಪೇಪರ್ ಓದುತ್ತಿರುತ್ತಾರೆ. ಅವರಿಗೆ ಸ್ವಿಚ್ ಯಾವುದೆಂದೂ ಗೊತ್ತಿಲ್ಲ. ಆಟದಲ್ಲಿ ಯಾರೂ ನನ್ನನ್ನು ದಾಟಿ ಯಜಮಾನರನ್ನು ಕೇಳುವುದಿಲ್ಲ. ಕೋಣವೂ ಕೇಳುವುದಿಲ್ಲ. ನೇರ ನನ್ನ ಹತ್ತಿರವೇ ಬರುತ್ತದೆ. ಏಟು ತಿಂದರೆ ಏನು ಸಿಗುತ್ತದೆ ಎಂದು ನಿಮ್ಮವ್ವ ಕೇಳಿದ್ದರಲ್ಲ, ಇದು ಸಿಗುತ್ತದೆ.

ಒಂದು ಗುಂಪಿಗೆ ಒಂದೇ ಗುರಾಣಿ. ಅದು ನನ್ನದು, ಬಿಟ್ಟುಕೊಡುವುದಿಲ್ಲ. ಹೀಲರ್ ಆಗುವುದಾದರೆ 22ಕ್ಕೆ ಬಾ. ಆಗದಿದ್ದರೆ ಹೇಳು, ವಿನಯ್ ಚಿಕ್ಕಪ್ಪನ ಮಗ ಸತೀಶ್ ಕುಮಾರ್ ಹೀಲರ್ ಒತ್ತಿಕೊಂಡು ತಯಾರಾಗಿ ಕೂತಿದ್ದಾನೆ.

ಯಶೋಧರಾ


ಜಗಳೂರು
22 ಜುಲೈ 2025

ಯಶೋಧರಕ್ಕನವರಿಗೆ ನಮಸ್ಕಾರಗಳು.

ಇವತ್ತು ಸಂಜೆ ನಾನು ಬರಲಿಲ್ಲ. ಐದು ಗಂಟೆಗೆ ಫೋನು ಗೂಡಿನಲ್ಲಿಟ್ಟು ಹೊರಗೆ ಕೂತೆ. ನೀವು ಕೋಟೆಗೆ ಹೋಗಿರುತ್ತೀರಿ. ಗೆದ್ದಿರೋ ಇಲ್ಲವೋ ಗೊತ್ತಿಲ್ಲ. ಗೆದ್ದಿರಲಿ ಎಂದುಕೊಂಡೆ.

ನಿಮ್ಮ ಕಾಗದವನ್ನು ಶನಿವಾರ ಓದಿದೆ. ಮೊದಲು ಮುಖ ಬಿಸಿಯಾಯಿತು. ನಿಮ್ಮ ಜಾಗ ಕಸಿಯಬೇಕೆಂದು ನಾನು ಬರೆಯಲಿಲ್ಲ ಅಕ್ಕ. ಆ ಜಾಗದಲ್ಲಿ ನಿಂತರೆ ಹೇಗಿರುತ್ತದೆ ಎಂಬುದು ತಲೆಯಿಂದ ಹೋಗುತ್ತಿರಲಿಲ್ಲ. ಮದುವೆ ಮನೆಯಲ್ಲಿ ನಾನು ಎಷ್ಟೋ ಜನರ ಎದುರು ಬಗ್ಗಿದ್ದೇನೆ. ಯಾರೂ ನನ್ನನ್ನು ನೋಡಿರುವುದಿಲ್ಲ, ಸೌಟು ನೋಡಿರುತ್ತಾರೆ. ಅದರ ಬಗ್ಗೆ ದೂರಿಲ್ಲ, ನನಗೂ ಹಾಗೇ ಹಾಯಾಗಿತ್ತು. ಆದರೆ ನೀವು ಆ ಕೋಣದ ಎದುರು “ಬಾರೋ, ಇತ್ಲಾಗ್ ಬಾರೋ!” ಎಂದು ಕೂಗಿ ಅದನ್ನು ನಿಮ್ಮ ಕಡೆ ತಿರುಗಿಸಿದ್ದನ್ನು ಕೇಳಿದಾಗಿನಿಂದ, ಕರೆದರೆ ತಿರುಗುತ್ತದೆಯೇ ಎಂದು ನೋಡಬೇಕೆನಿಸಿತ್ತು.

ಅದಕ್ಕೆ ಭಾನುವಾರ ನೋಡಿದೆ. ಗುರಾಣಿ ವೇಷ ಹಾಕಿ, ಗೊತ್ತಿಲ್ಲದವರ ಗುಂಪಿಗೆ ಸೇರಿಕೊಂಡೆ. ಆಟವೇ ಸೇರಿಸಿತು. ಅವರು ಯಾವ ಊರಿನವರೋ ತಿಳಿಯದು, ಮಾತು ಹಿಂದಿಯಂತಿತ್ತು. ನನ್ನ ಹೆಸರು ಓದಿ ಒಬ್ಬ ನಕ್ಕದ್ದು ಮಾತ್ರ ಅರ್ಥವಾಯಿತು.

ಮುಂದೆ ನಿಂತರೆ ಏನೂ ಕಾಣುವುದಿಲ್ಲ ಅಕ್ಕ! ನೀವು ಇದನ್ನು ಯಾಕೆ ಹೇಳಲಿಲ್ಲ? ನಾನು ಮೊದಲೇ ಕೇಳಿದ್ದೆ. ಪರದೆ ತುಂಬ ಕೋಣದ ಎದೆ, ಕಾಲು, ಧೂಳು. ಹಿಂದೆ ಯಾರಿದ್ದಾರೆ, ಇದ್ದಾರೋ ಓಡಿದರೋ ತಿಳಿಯುವುದಿಲ್ಲ. ನನ್ನ ಗೆರೆ ಕೆಂಪಾಗುತ್ತಾ ಬಂದಾಗ ಮದ್ದು ಬರುತ್ತದೆ ಎಂದು ಕಾದೆ. ಒಂದು ಸಲ ಬಂತು. ಇನ್ನೊಂದು ಸಲ ತಡವಾಯಿತು. ಆ ತಡವಾದ ಹೊತ್ತಿನಲ್ಲಿ 8ನೇ ತಾರೀಕು ನೀವು ಹೇಗೆ ನಿಂತಿದ್ದಿರಿ ಎಂದು ತಿಳಿಯಿತು. ಗುರುಸ್ವಾಮಿಯವರ ಮಾತು ಮದುವೆ ಮನೆಯದು. ಅಜ್ಜಮ್ಮನ ಮಾತು ಕೋಟೆಯದು. ಅವರಿಗೆ ನನ್ನ ನಮಸ್ಕಾರ ತಿಳಿಸಿ.

ಆದರೂ ಒಂದು ಮಾತು ಹೇಳಬೇಕು. ನಾನು ಬೀಳುವ ಮೊದಲು ಕೋಣ ನನ್ನ ಕಡೆ ತಿರುಗಿತು. ನನ್ನ ಕಡೆಗೇ. ನಾನು ಮೈಕ್ ಹಾಕಿರಲಿಲ್ಲ, ಸುಮ್ಮನೆ ಮನೆಯ ಗೋಡೆಗೆ ಕೇಳುವಷ್ಟು ಮೆಲ್ಲಗೆ “ಬಾ” ಎಂದಿದ್ದೆ. ಅವ್ವ ಒಳಗಿನಿಂದ “ಯಾರೋ ಬಂದೋರು?” ಎಂದಳು.

ಇನ್ನೊಂದು ನೋಡಿದೆ. ಆ ಗುಂಪಿನಲ್ಲಿ ನಾವು ಐದು ಜನ ಇದ್ದೆವು. ನನ್ನ ಎಡಗಡೆ ಇನ್ನೊಬ್ಬ ಗುರಾಣಿಯವನು ನಿಂತಿದ್ದ. ನಾನು ಬಿದ್ದಾಗ ಕೋಣವನ್ನು ಅವನು ತನ್ನ ಕಡೆ ತಿರುಗಿಸಿಕೊಂಡ, ಮದ್ದು ಸಿಕ್ಕಿ ಎದ್ದ ಮೇಲೆ ನಾನು ತಿರುಗಿಸಿಕೊಂಡೆ. ನಾಲ್ಕನೇ ಕೋಟೆಗೆ ಇಬ್ಬರು ಗುರಾಣಿಯವರು ಬೇಕೇ ಬೇಕಂತೆ, ಆಟವೇ ತೋರಿಸುತ್ತದೆ. ಒಂದು ಗುಂಪಿಗೆ ಒಂದೇ ಎಂದು ನೀವು ಬರೆದಿದ್ದಿರಿ. ಇದು ನಿಮಗೆ ಗೊತ್ತಿತ್ತೇ?

ಸುಮ್ಮನೆ ತಿಳಿಯುವ ಆಸೆಗೆ ಕೇಳಿದೆ. ಸತೀಶ್ ಅವರು ಬಂದಿದ್ದರೆ ನಿಮಗೆ ಮದ್ದಿನ ಕೊರತೆ ಆಗಿರಲಾರದು. ನಾನು ಏನು ಒತ್ತಬೇಕು ಎಂಬುದು ಇನ್ನೂ ಗೊತ್ತಿಲ್ಲ. ಗುರಾಣಿ ಒತ್ತಿದರೆ ನಿಮ್ಮ ಗುಂಪು ಇಲ್ಲ. ಹೀಲರ್ ಒತ್ತಿದರೆ ಗುಂಪು ಇರುತ್ತದೆ, ಆದರೆ ಅದು ಮತ್ತೆ ಸೌಟೇ.

ಇಂತಿ,
ರುದ್ರ


ಹೊನ್ನಾಳಿ
25 ಜುಲೈ 2025

ರುದ್ರನಿಗೆ,

ಬೇಗ ಬೇಗ ಬರೆಯುತ್ತಿದ್ದೇನೆ. ಪಂಚಮಿ ಹತ್ತಿರ ಬಂತು, ಗಿರಣಿ ಮುಂದೆ ಡಬ್ಬಿಗಳ ಸಾಲು ರಸ್ತೆಗೆ ಹೋಗಿದೆ.

ಮಂಗಳವಾರ ಗೆದ್ದೆವು. ಮೂರನೇ ಕೋಟೆಯ ಬಾಗಿಲು ತೆರೆಯಿತು. ಸತೀಶ್ ಒಳ್ಳೆಯ ಹೀಲರ್. ನನ್ನ ಗೆರೆ ಅರ್ಧಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ನಾನು ಖುಷಿಗೆ ಕೂಗಿದ್ದು ಹೊಳೆ ಆಚೆಗೂ ಕೇಳಿರಬೇಕು. ಆಮೇಲೆ ನೋಡಿದರೆ ಚಿತ್ತಪ್ಪ ಇಲ್ಲ. ಬಾಗಿಲ ಹೊರಗೆ ಬಿದ್ದಿದ್ದಾನೆ. ಕೊನೆಯ ಹೊತ್ತಿನಲ್ಲಿ ಕೋಣ ಬಾಲ ಬೀಸಿದ್ದು ಅವನಿಗೆ ತಾಗಿತ್ತು, ಅವನಿಗೆ ಮದ್ದು ಹೋಗಲಿಲ್ಲ. ಬಿದ್ದವರಿಗೆ ಬಾಗಿಲು ತೆರೆಯುವುದಿಲ್ಲ, ನಿನಗೆ ಗೊತ್ತಲ್ಲ. ನಮಗೆಲ್ಲ ಒಳಗಿನ ಹೊಸ ಆಯುಧ ಸಿಕ್ಕಿತು, ಅವನಿಗೆ ಏನೂ ಇಲ್ಲ.

“ಯಾಕೋ ಸತೀಶಾ, ಒಂದು ಸಲನಾದ್ರೂ ಹಾಕಬಾರ್ದಿತ್ತಾ?” ಅಂದೆ.

“ಅಕ್ಕ, ಅವ್ರಿಗೆ ಹಾಕಿದ್ರೆ ನಿಮ್ಗೆ ತಡ ಆಗ್ತಿತ್ತು. ನಾನು ಮಾಡಿದ್ದು ಸರಿ ಐತೆ” ಅಂದ. ಸರಿಯೇ ಇತ್ತು. ಅವನನ್ನು ಬೈಯುವ ಹಾಗೂ ಇರಲಿಲ್ಲ.

ಕೊನೆಗೆ ಚಿತ್ತಪ್ಪ, “ಇರ್ಲಿ ಬಿಡ್ರಿ ಯಕ್ಕ. ಊಟಕ್ಕೆ ಕರ್ದು ಎಲೆ ಹಾಕ್ದೆ ಕಳ್ಸಿದಂಗಾತು, ಅಷ್ಟೇ” ಅಂದ. ವಿನಯ್ ಮೊದಲ ಸಲ ಯಾರನ್ನೂ ನೋಡಿ ನಗಲಿಲ್ಲ. ನಿನ್ನ ಪಂಕ್ತಿಯ ವಿಷಯ ನಾನು ಅವರಿಗೆ ಹೇಳಿಯೇ ಇಲ್ಲ, ಚಿತ್ತಪ್ಪನ ಬಾಯಿಂದ ಅದೇ ಮಾತು ಬಂತು. ಫೋನು ಕೆಳಗಿಟ್ಟೆ.

ಚಿತ್ತಪ್ಪನಿಗಾಗಿ ಇನ್ನೊಮ್ಮೆ ಹೋಗುತ್ತೇವೆ. 29ನೇ ತಾರೀಕು ಮಂಗಳವಾರ ಪಂಚಮಿ. ಅವತ್ತು ಯಾರೂ ಬೀಸಿಸುವುದಿಲ್ಲ, ಗಿರಣಿ ನಿಂತಿರುತ್ತದೆ, ಹಾಗಾಗಿ ಬೆಳಿಗ್ಗೆ ಹತ್ತಕ್ಕೇ ಶುರು. ಐದು ಜನರ ಜಾಗವಿದೆ, ನಾಲ್ಕು ಜನ ಇದ್ದೇವೆ. ಮುಂದೆ ಇಬ್ಬರು ನಿಂತರೆ ಕೋಣ ಮೈ ತಿರುಗಿಸಿ ಬಾಲ ಬೀಸದಂತೆ ಹಿಡಿಯಬಹುದು ಎಂದು ವಿನಯ್ ಹೇಳುತ್ತಾನೆ. ಅವನು ಹೇಳಿದ್ದನ್ನು ನಾನು ನಿನಗೆ ಹೇಳಿದೆ, ಅಷ್ಟೇ.

ಏನು ಒತ್ತಬೇಕು ಎಂದು ಇನ್ನು ನನ್ನನ್ನು ಕೇಳಬೇಡ. ನಾನು ಹೇಳುವುದಿಲ್ಲ. ನೀನು ಒತ್ತಿ ಬಾ, ಏನನ್ನು ಒತ್ತಿದರೂ ಬಾ.

ಯಾರೋ ಬಂದು “ಯಜಮಾನ್ರಿಲ್ವಾ” ಅನ್ನುತ್ತಿದ್ದಾರೆ. ನಿಲ್ಲಿಸುತ್ತೇನೆ.

ಯಶೋಧರಾ


ಜಗಳೂರು
28 ಜುಲೈ 2025

ಯಶೋಧರಕ್ಕನವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಇವತ್ತು ಮುಂಜಾನೆಯೇ ಸಿಕ್ಕಿತು. ಪೋಸ್ಟ್‌ಮ್ಯಾನ್ ನಮ್ಮ ಬೀದಿಯಲ್ಲೇ ಇರುವುದು, ಆಫೀಸಿಗೆ ಹೋಗಿ ಚೀಲ ತಂದವರು ಮೊದಲು ನಮ್ಮ ಮನೆಗೇ ಕೊಟ್ಟರು. ನಾನು ಬರೆಯುವ ಇದು ನಿಮಗೆ ಸಿಗುವ ಹೊತ್ತಿಗೆ ಮಂಗಳವಾರ ಕಳೆದಿರುತ್ತದೆ. ನಾವು ಗೆದ್ದಿದ್ದೇವೋ, ಚಿತ್ತಪ್ಪಣ್ಣ ಬಾಗಿಲು ದಾಟಿದರೋ ನಿಮಗೆ ಗೊತ್ತಿರುತ್ತದೆ, ಈ ಕಾಗದಕ್ಕೆ ಗೊತ್ತಿಲ್ಲ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಇಬ್ಬರು ಗುರಾಣಿಯವರ ಬಗ್ಗೆ ನಾನು ಕೇಳಿದ ಪ್ರಶ್ನೆಗೆ ನೀವು ಉತ್ತರ ಬರೆದಿಲ್ಲ. ಕಾಗದವನ್ನು ನಾನೂ ಕಿಟಕಿಗೆ ಹಿಡಿದು ನೋಡಿದೆ, ಹೊಡೆದುಹಾಕಿದ್ದೂ ಏನೂ ಇರಲಿಲ್ಲ. ಪರವಾಗಿಲ್ಲ. ಇನ್ನು ಕೇಳುವುದಿಲ್ಲ.

ಸತೀಶ್ ಅವರು ಮಾಡಿದ್ದು ತಪ್ಪೆಂದು ನನಗೂ ಅನ್ನಿಸುವುದಿಲ್ಲ. ನಾನಾಗಿದ್ದರೆ ಚಿತ್ತಪ್ಪಣ್ಣನಿಗೂ ಹಾಕುತ್ತಿದ್ದೆ, ನೀವು ಬೀಳುತ್ತಿದ್ದಿರಿ, ಬಾಗಿಲೇ ತೆರೆಯುತ್ತಿರಲಿಲ್ಲ. ಎರಡೂ ಯೋಚಿಸಿದೆ. ಹೀಲರ್ ಆದವನು ಪ್ರತಿ ಸಲ ಇದನ್ನು ತೀರ್ಮಾನ ಮಾಡಬೇಕು. ಅದು ಬಹಳ ದೊಡ್ಡ ಕೆಲಸ ಅಕ್ಕ, ನಾನು ಸುಮ್ಮನಿರುವವನು ಎಂಬ ಮಾತ್ರಕ್ಕೆ ನನಗೆ ಒಗ್ಗುವ ಕೆಲಸವಲ್ಲ. ಸತೀಶ್ ಅವರಿಗೆ ಒಗ್ಗಿದೆ. ಗುರಾಣಿಯವನಿಗೆ ತೀರ್ಮಾನವಿಲ್ಲ. ಕರೆಯಬೇಕು, ನಿಲ್ಲಬೇಕು. ಅದು ನನ್ನಿಂದ ಆದೀತು ಎನ್ನಿಸುತ್ತದೆ. ಆಗದೆಯೂ ಇರಬಹುದು. ನೋಡಬೇಕು.

ನಾನು ನಿಮ್ಮ ಎಡಗಡೆ ನಿಲ್ಲುತ್ತೇನೆ. ಕೋಣ ಮೊದಲು ನಿಮ್ಮ ಹತ್ತಿರವೇ ಬರಲಿ. ನೀವು “ಇತ್ಲಾಗ್ ಬಾರೋ” ಎಂದಾಗ ನಾನು ಬಾಯಿ ಹಾಕುವುದಿಲ್ಲ. ನೀವು ಬಿದ್ದರೆ ಮಾತ್ರ ಕರೆಯುತ್ತೇನೆ. ನಾಳೆ ಮೈಕ್ ಹಾಕುವೆನೆಂದು ಅಂದುಕೊಂಡಿದ್ದೇನೆ. ನನ್ನ ದನಿ ಸಣ್ಣದು. ಗಿರಣಿ ನಿಂತಿರುತ್ತದಲ್ಲ, ಕೇಳಿಸಬಹುದು.

ಅವ್ವನಿಗೆ ನೀವು ಬರೆದ ಉತ್ತರ ಓದಿ ಹೇಳಿದೆ, ಯಾರೂ ಯಜಮಾನರನ್ನು ಕೇಳದೆ ಇರುವುದೇ ಸಿಗುವುದು ಎಂದು. ಅವಳು ಎಳ್ಳು ಹುರಿಯುತ್ತಿದ್ದಳು, ಕೈ ನಿಲ್ಲಿಸಿದಳು. “ಆಯಮ್ಮಂಗೆ ಒಂದ್ ಸಲ ಮನೀಗ್ ಬರಾಕೆ ಹೇಳು” ಎಂದಳು. ಹೇಳಿದ್ದೇನೆ.

ಆಮೇಲೆ ಅವ್ವನ ಜೊತೆ ಕೂತು ಎಳ್ಳುಂಡೆ ಕಟ್ಟಿದೆ. ಪಾಕ ಆರಿದರೆ ಉಂಡೆ ನಿಲ್ಲುವುದಿಲ್ಲ, ಅದಕ್ಕೆ ಬಿಸಿ ಇರುವಾಗಲೇ ಬೇಗ ಬೇಗ ಕಟ್ಟಬೇಕು. ಅರ್ಧ ಆಗಿರುವಾಗ ಎದ್ದು ಹೋಗಿ ಫೋನು ತೆಗೆದೆ. ಗುರಾಣಿಯ ಗುಂಡಿ ಒತ್ತಿದೆ. ಬೆರಳಿಗೆ ಬೆಲ್ಲ ಅಂಟಿತ್ತು, ಫೋನು ಒತ್ತಿದ್ದನ್ನು ತೆಗೆದುಕೊಳ್ಳಲಿಲ್ಲ. “ಪಾಕ ಆರ್ತೈತೆ ಬಾರೋ” ಎಂದು ಅವ್ವ ಕೂಗಿದಳು. ನಾನು ಹಿತ್ತಿಲಿಗೆ ಹೋಗಿ ಕೈ ತೊಳೆದು, ಅಂಗಿಗೆ ಒರೆಸಿಕೊಂಡು ಬಂದು, ಇನ್ನೊಂದು ಸಲ ಒತ್ತಿದೆ.

ಇಂತಿ,
ರುದ್ರ